ಸ್ಥಾವರದೊಳಗಿನ ಜಂಗಮ

ಆಸ್ತಿಯನ್ನು ಸ್ಥಾವರವೆಂದೂ ಜಂಗಮವೆಂದೂ ವಿಂಗಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹೊಲ, ಮನೆ, ಬಾವಿ ಸ್ಥಾವರ. ದನಕರು, ಒಡವೆ, ಪಾತ್ರೆಪಡಗ ಜಂಗಮ. ಕಾಗದಪತ್ರಗಳಲ್ಲಿ ಕಟ್ಟಡ ಇಂದಿಗೂ ಸ್ಥಿರಾಸ್ತಿಯೇ. ಆದರೆ ದೊಡ್ಡ ನಗರಗಳಲ್ಲಿ ಈಗ ಬಳಕೆಗೆ ಬಂದಿರುವ ಒಂದು ಬಗೆಯ ಕಚೇರಿ ಕಟ್ಟಡವನ್ನು ನೋಡಿದರೆ ಈ ವಿಂಗಡಣೆ ಸಾಲದೆನಿಸುತ್ತದೆ. ಅದರ ಕಂಬ, ಗೋಡೆಗಳು ಸ್ಥಾವರ, ಒಳಗಿನದೆಲ್ಲ ಜಂಗಮ. ಒಂದು ಮೇಜನ್ನು ಒಂದು ತಿಂಗಳಿಗೆ, ಒಂದು ಕೋಣೆಯನ್ನು ಒಂದು ವಾರಕ್ಕೆ, ಒಂದು ಸಭಾಗೃಹವನ್ನು ಒಂದು ಗಂಟೆಗೆ ಅಲ್ಲಿ ಬಾಡಿಗೆಗೆ ಪಡೆಯಬಹುದು. ‘ಫ್ಲೆಕ್ಸಿಬಲ್ ಆಫೀಸ್’ ಎಂದು ಅದಕ್ಕೆ ಹೆಸರು. ‘ಒಗ್ಗುವ ಕಚೇರಿ’ ಎಂದು ನಾವು ಕರೆಯಬಹುದು. ಕನ್ನಡ ಮೇಷ್ಟರಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಅಲ್ಲಿನ ತಂತಿಗಳ ಹಿಂದೆ ಮನುಷ್ಯರ ನಡುವಣ ನಂಬಿಕೆಯ ಪ್ರಶ್ನೆಯೊಂದಿದೆ. ಅದು ಎಲ್ಲರಿಗೂ ಸೇರಿದ್ದು.

ಮೊದಲು ಈ ಪದ್ಧತಿ ಬಂದ ಬಗೆಯನ್ನು ನೋಡೋಣ. ಹಿಂದೆ ಒಂದು ಕಂಪನಿ ಇಡೀ ಮಹಡಿಯನ್ನು ಹಲವು ವರ್ಷಗಳ ಕರಾರಿನ ಮೇಲೆ ಹಿಡಿಯುತ್ತಿತ್ತು. ಮೇಜು, ದೂರವಾಣಿ, ಕಂಪ್ಯೂಟರುಗಳ ಏರ್ಪಾಡೆಲ್ಲ ಅದರದೇ. ಮಾಲೀಕ ಲಿಫ್ಟು, ನೀರು, ಮಾಳಿಗೆಗಳನ್ನು ನೋಡಿಕೊಂಡು ಬಾಡಿಗೆ ಪಡೆದರೆ ಮುಗಿಯಿತು. 1989ರಲ್ಲಿ ಮಾರ್ಕ್ ಡಿಕ್ಸನ್ ಎಂಬಾತ ಬ್ರಸೆಲ್ಸ್ ನಗರದಲ್ಲಿ ‘ರೀಜಸ್’ ಸಂಸ್ಥೆಯನ್ನು ಆರಂಭಿಸಿ, ಸಜ್ಜುಗೊಳಿಸಿದ ಕಚೇರಿಗಳನ್ನು ಅಲ್ಪಾವಧಿಗೆ ಕೊಡತೊಡಗಿದ. 2010ರಲ್ಲಿ ನ್ಯೂಯಾರ್ಕಿನಲ್ಲಿ ‘ವಿವರ್ಕ್’ ಹುಟ್ಟಿತು. ಮಾಲೀಕರಿಂದ ದೀರ್ಘ ಕಾಲಕ್ಕೆ ಮಹಡಿಗಳನ್ನು ಹಿಡಿದು, ತಿಂಗಳ ಲೆಕ್ಕದಲ್ಲಿ ಮರುಬಾಡಿಗೆಗೆ ಕೊಡುವುದು ಅದರ ವ್ಯವಹಾರ. ಬರುವ ಹಣ ತಿಂಗಳದು, ಕೊಡಬೇಕಾದ ಹೊಣೆ ವರ್ಷಗಳದು. ಈ ಅಂತರವೇ ಅದನ್ನು ಬಲಿ ತೆಗೆದುಕೊಂಡಿತು. 2023ರ ನವೆಂಬರಿನಲ್ಲಿ ಅದು ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿತನದ ರಕ್ಷಣೆ ಕೋರಿ, 2024ರಲ್ಲಿ ಸಾಲದ ಭಾರವನ್ನಿಳಿಸಿಕೊಂಡು ಹೊರಬಂದಿತು. ಅದೇ ಹೆಸರಿನ ಭಾರತದ ಸಂಸ್ಥೆ ಪ್ರತ್ಯೇಕವಾದದ್ದು. ಬೆಂಗಳೂರಿನ ಕಟ್ಟಡ ನಿರ್ಮಾಪಕರಾದ ಎಂಬಸಿ ಸಮೂಹದ ಆಶ್ರಯದಲ್ಲಿ ಬೆಳೆದದ್ದು. ಮಧ್ಯವರ್ತಿ ಬಿದ್ದಾಗ ನಷ್ಟ ತನ್ನ ತಲೆಗೇ ಬರುವುದೆಂದು ಕಂಡ ಮಾಲೀಕರಲ್ಲಿ ಕೆಲವರು ಈ ಕಚೇರಿಗಳನ್ನು ತಾವೇ ನಡೆಸುತ್ತಿದ್ದಾರೆ. ಕೆಲವರು ನಿರ್ವಾಹಕನೊಡನೆ ಆದಾಯವನ್ನು ಹಂಚಿಕೊಳ್ಳುತ್ತಿದ್ದಾರೆ. ಹೀಗಾಗಿ ಬಾಡಿಗೆದಾರನ ಪಾಲಿಗಿದ್ದ ಯಂತ್ರಗಳ ಹೊಣೆ ಮಾಲೀಕನ ಹೆಗಲಿಗೆ ಬಂದಿದೆ.

ಈ ಹೊಣೆಯ ಮೊದಲ ತೊಡಕು ಕಾಲದ್ದು. ಫ್ರಾಂಕ್ ಡಫಿ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ, ಕಚೇರಿ ಕಟ್ಟಡವೆಂಬುದು ಬೇರೆಬೇರೆ ಆಯುಸ್ಸಿನ ಪದರಗಳ ಕಟ್ಟು ಎಂದು ವಿವರಿಸಿದ. ಕಂಬ, ತೊಲೆ, ಗೋಡೆಗಳ ಆಯುಸ್ಸು ಐವತ್ತು ವರ್ಷವಾದರೆ, ತಂತಿ, ಕೊಳವೆ, ಲಿಫ್ಟು, ತಂಪುಯಂತ್ರಗಳದು ಸುಮಾರು ಹದಿನೈದು. ಒಳಗಿನ ಅಡ್ಡಗೋಡೆಗಳದು ಐದರಿಂದ ಏಳು. ಮೇಜುಕುರ್ಚಿಗಳಂತೂ ವಾರವಾರವೂ ಜಾಗ ಬದಲಿಸುತ್ತವೆ. ಅಲ್ಪಾಯುವಾದುದನ್ನು ದೀರ್ಘಾಯುವಾದುದರೊಳಗೆ ಹೂತಿಟ್ಟರೆ, ತಂತಿಯೊಂದನ್ನು ಬದಲಿಸಲು ಗೋಡೆಯನ್ನೇ ಒಡೆಯಬೇಕಾಗುತ್ತದೆ. ರಿಚರ್ಡ್ ರೋಜರ್ಸ್ ರೂಪಿಸಿದ, 1986ರಲ್ಲಿ ಲಂಡನ್ನಿನಲ್ಲಿ ತೆರೆದ ಲಾಯ್ಡ್ಸ್ ಕಟ್ಟಡದಲ್ಲಿ ಕೊಳವೆಗಳೂ ಲಿಫ್ಟುಗಳೂ ಹೊರಮೈಯಲ್ಲಿರುವುದಕ್ಕೆ ಇದೇ ಕಾರಣ: ಹಳತನ್ನು ಕಳಚಿ ಹೊಸದನ್ನು ತೊಡಿಸಲು ಸುಲಭವಾಗಲಿ ಎಂದು. ವಿಪರ್ಯಾಸವೆಂದರೆ 2011ರಲ್ಲಿ ಆ ಕಟ್ಟಡವನ್ನು ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ಬದಲಾವಣೆಗೆಂದೇ ಹೊರಗಿಟ್ಟ ಭಾಗಗಳನ್ನು ಬದಲಿಸಲು ಈಗ ಅನುಮತಿ ಬೇಕು!

ಆದ್ದರಿಂದ ವಿವೇಕಿಯಾದ ಮಾಲೀಕ ತಂತಿಗಳನ್ನು ಎತ್ತರಿಸಿದ ನೆಲಹಾಸಿನ ಕೆಳಗೆ ಕೈಗೆಟಕುವಂತೆ ಹಾಯಿಸುತ್ತಾನೆ. ಮಹಡಿಯಿಂದ ಮಹಡಿಗೆ ಏರುವ ಕೊಳವೆಗಳಲ್ಲಿ ಮುಂದಿನವರಿಗಾಗಿ ಸ್ವಲ್ಪ ಜಾಗವನ್ನು ಖಾಲಿ ಬಿಡುತ್ತಾನೆ. ಇಂಟರ್‌ನೆಟ್ ಸಂಪರ್ಕವನ್ನು ಇಬ್ಬರು ಒದಗಿಸುವವರಿಂದ, ಕಟ್ಟಡದ ಎರಡು ಬೇರೆ ದಿಕ್ಕುಗಳಿಂದ ತರಿಸುತ್ತಾನೆ. ಒಂದು ಬೀದಿಯಲ್ಲಿ ಗುಂಡಿ ತೋಡುವವನ ಹಾರೆ ತಂತಿಯನ್ನು ಕಡಿದರೂ ಇಡೀ ಕಟ್ಟಡ ಮೂಕವಾಗಬಾರದಷ್ಟೆ.

ಎರಡನೆಯ ತೊಡಕು ಹಂಚಿಕೆಯದು. ನಾನು ವಠಾರದಲ್ಲಿ ಬೆಳೆದವನು. ಎಂಟು ಸಂಸಾರಗಳಿಗೆ ನಲ್ಲಿ ಒಂದೇ. ಆದರೆ ಒಬ್ಬರ ಮನೆಯ ಹಂಡೆಯ ನೀರು ಇನ್ನೊಬ್ಬರ ಹಂಡೆಗೆ ಹರಿಯುತ್ತಿರಲಿಲ್ಲ. ಒಗ್ಗುವ ಕಚೇರಿಯಲ್ಲಿ ನಲ್ಲಿಯ ಜಾಗದಲ್ಲಿರುವುದು ವೈ-ಫೈ. ವಕೀಲರೊಬ್ಬರು, ಔಷಧ ಕಂಪನಿಯೊಂದು, ಅವರಿಬ್ಬರ ಪ್ರತಿಸ್ಪರ್ಧಿಗಳು ಒಂದೇ ಮಹಡಿಯಲ್ಲಿ ಕುಳಿತು ಅದನ್ನೇ ಬಳಸುತ್ತಾರೆ. ಎಲ್ಲರಿಗೂ ಒಂದೇ ಗುಪ್ತಪದವನ್ನು ಗೋಡೆಯ ಮೇಲೆ ಬರೆದು ಹಾಕಿದರೆ ಒಬ್ಬರ ಕಾಗದಪತ್ರ ಇನ್ನೊಬ್ಬರ ಕಣ್ಣಿಗೆ ಬೀಳುವ ಅಪಾಯವುಂಟು. ಒಂದೇ ಏರಿಯಿಂದ ಹೊರಟರೂ ಒಬ್ಬೊಬ್ಬರ ಗದ್ದೆಗೆ ಒಂದೊಂದು ಕಾಲುವೆ ಇರುವಂತೆ ಜಾಲವನ್ನು ವಿಭಾಗಿಸಬೇಕು. ಅತಿಥಿಗಳಿಗೆ ಬೇರೆ ಕಾಲುವೆ. ಲಿಫ್ಟು, ಕ್ಯಾಮೆರಾ, ತಂಪುಯಂತ್ರಗಳಿಗೆ ಬೇರೆಯದೇ. ಯಂತ್ರಗಳನ್ನು ಬೇರ್ಪಡಿಸುವುದು ಏಕೆಂಬುದಕ್ಕೆ ನಿದರ್ಶನವಿದೆ. 2013ರಲ್ಲಿ ಅಮೆರಿಕದ ‘ಟಾರ್ಗೆಟ್’ ಅಂಗಡಿಗಳಿಂದ ಸುಮಾರು ನಾಲ್ಕು ಕೋಟಿ ಗಿರಾಕಿಗಳ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳನುಗ್ಗಲು ಬಳಸಿದ್ದು ಶೈತ್ಯಯಂತ್ರಗಳ ಕೆಲಸ ಮಾಡುತ್ತಿದ್ದ ಗುತ್ತಿಗೆದಾರನೊಬ್ಬನ ಪ್ರವೇಶಪದವನ್ನು.

ಮೂರನೆಯದೇ ನನಗೆ ಎಲ್ಲಕ್ಕಿಂತ ಗಹನವಾಗಿ ಕಾಣುತ್ತದೆ: ಬೀಗದ ಪ್ರಶ್ನೆ. ವಠಾರದಲ್ಲಿ ಮನೆ ಮಾಲೀಕನದಾದರೂ ಬೀಗ ಬಾಡಿಗೆದಾರನದು. ಅವನು ಎಷ್ಟು ಹೊತ್ತಿಗೆ ಬಂದ, ಯಾರು ಅವನನ್ನು ನೋಡಲು ಬಂದರು ಎಂಬುದನ್ನು ಬೀಗ ಯಾರಿಗೂ ಹೇಳುತ್ತಿರಲಿಲ್ಲ. ಈ ಕಚೇರಿಗಳಲ್ಲಿ ಬೀಗವೂ ಮಾಲೀಕನದೇ. ಕಾರ್ಡು ಮುಟ್ಟಿಸಿದ ಕ್ಷಣವೇ ಅದು ಹೊತ್ತನ್ನೂ ಹೆಸರನ್ನೂ ಬರೆದಿಟ್ಟುಕೊಳ್ಳುತ್ತದೆ. ಯಾವ ಮೇಜು ಎಷ್ಟು ಹೊತ್ತು ಬಳಕೆಯಾಯಿತೆಂದು ತಿಳಿಯುವ ಉಪಕರಣಗಳೂ ಇವೆ. ಖಾಲಿ ಕೋಣೆಯ ದೀಪ ಆರಿಸಲು, ಜಾಗವನ್ನು ಸರಿಯಾಗಿ ಹಂಚಲು ಅವು ಉಪಯುಕ್ತ. ಆದರೆ 2016ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ವರದಿಗಾರರು ಒಂದು ಬೆಳಿಗ್ಗೆ ಕಚೇರಿಗೆ ಬಂದಾಗ ತಮ್ಮ ಮೇಜುಗಳ ಕೆಳಗೆ ಅಂಥ ಪೆಟ್ಟಿಗೆಗಳನ್ನು ಕಂಡರು. ಇಂಧನ ಉಳಿತಾಯಕ್ಕೆಂದು ಆಡಳಿತದವರು ಸಮಾಧಾನ ಹೇಳಿದರೂ ಪ್ರತಿಭಟನೆ ಎದ್ದು, ಅಂದೇ ಅವನ್ನು ತೆಗೆಯಬೇಕಾಯಿತು. ಹೇಳದೆ ಇಟ್ಟ ಉಪಕರಣ, ಉದ್ದೇಶ ಒಳ್ಳೆಯದಾದರೂ, ಕಾವಲುಗಾರನಂತೆಯೇ ಕಾಣುತ್ತದೆ.

ನಮ್ಮಲ್ಲಿ 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ವ್ಯಕ್ತಿಯ ವಿವರವನ್ನು ಯಾವ ಉದ್ದೇಶಕ್ಕೆ ಪಡೆಯುತ್ತೇವೆಂದು ತಿಳಿಸಬೇಕು, ಆ ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು. ಆದರೆ ಕಾಯಿದೆ ಬಾಗಿಲ ಬಳಿ ನಿಲ್ಲುವುದಿಲ್ಲ, ನಿಲ್ಲುವುದು ಕರಾರುಪತ್ರ. ಬೀಗದ ದಾಖಲೆ ಯಾರದು, ಎಷ್ಟು ದಿನ ಉಳಿಯಬೇಕು, ಯಾರು ನೋಡಬಹುದು ಎಂಬುದನ್ನು ಬಾಡಿಗೆಯ ಮೊತ್ತದಷ್ಟೇ ಸ್ಪಷ್ಟವಾಗಿ ಅದರಲ್ಲಿ ಬರೆಯಬೇಕು. ಬಾಡಿಗೆದಾರ ಬಿಟ್ಟುಹೋದ ಸಂಜೆಯೇ ಅವನ ಕಾರ್ಡು ನಿಷ್ಕ್ರಿಯವಾಗಬೇಕು. ಇನ್ನೊಂದು ಎಚ್ಚರವೂ ಅಗತ್ಯ. ಬೀಗ, ಜಾಲಗಳ ಯಜಮಾನಿಕೆಯೆಲ್ಲ ನಿರ್ವಾಹಕನ ಹೆಸರಿನಲ್ಲಿದ್ದು ಅವನು ಮುಳುಗಿದರೆ, ಮಾಲೀಕ ತನ್ನ ಬಾಗಿಲಿಗೆ ತಾನೇ ಹೊರಗಿನವನಾಗುತ್ತಾನೆ. ಒಳಗಿದ್ದವರ ದಾಖಲೆ ಯಾರ ಕೈ ಸೇರೀತೋ ಹೇಳಲಾಗದು.

ಕಟ್ಟಡದ ಒಡೆತನ ಹಿಂದೆ ಕಲ್ಲು, ಗಾರೆಗಳ ಒಡೆತನವಾಗಿತ್ತು. ಈಗ ಅದರೊಡನೆ ಇತರರ ಹೋಗುಬರವಿನ, ಮಾತುಕತೆಯ, ವ್ಯವಹಾರದ ಗುಟ್ಟುಗಳೂ ಮಾಲೀಕನ ವಶಕ್ಕೆ ಬಂದಿವೆ. ಅವು ಅವನಿಗೆ ಬಂದಿರುವುದು ಠೇವಣಿಯಾಗಿ. ಠೇವಣಿಯನ್ನು ಕಾಯುವುದು, ಕೇಳಿದಾಗ ಲೆಕ್ಕ ಒಪ್ಪಿಸುವುದು, ಕಾಲ ಬಂದಾಗ ಹಿಂದಿರುಗಿಸುವುದು — ಈ ಮೂರು ನಮ್ಮ ಹಿರಿಯರಿಗೆ ತಿಳಿದಿದ್ದ ನಡತೆಗಳೇ. ಯಂತ್ರ ಹೊಸದಾದರೂ ಮಾಲೀಕನಿಂದ ಅದು ನಿರೀಕ್ಷಿಸುವ ಧರ್ಮ ಹಳೆಯದು.