ಈಜು ಬರುತ್ತೆ ಅಂದವನು ಒಂದು ನಿಮಿಷ ನಿಲ್ಲೋಕಾಗಲಿಲ್ಲ: ವಾಟರ್ ಸೇಫ್ಟಿ ಟೆಸ್ಟ್‌ಗೆ ತಯಾರಿ

ಇವತ್ತಿನ ವಿಷಯ, ವಾಟರ್ ಸೇಫ್ಟಿ ಕೋರ್ಸಿನಲ್ಲಿ ಒಂದು ಈಜು ಪರೀಕ್ಷೆ ಇರುತ್ತಲ್ಲ, ಅದಕ್ಕೆ ತಯಾರಾಗೋದು ಹೇಗೆ. ವಿಡಿಯೋ ನೋಡೋಕೆ ಟೈಮ್ ಇಲ್ಲ, ಹಿಂಜವಡಿ ಟ್ರಾಫಿಕ್‌ನಲ್ಲಿ ಕೂತು ಓದ್ತೀವಿ ಅನ್ನೋರಿಗೆ ಮಾತನ್ನೆಲ್ಲ ಇಲ್ಲಿ ಬರೆದು ಹಾಕಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಈ ಟೆಸ್ಟಲ್ಲಿ ನಾನು ಒಂದು ಸಲ ಫೇಲಾದವನು.

ನಮ್ಮದು ಧಾರವಾಡ ಕಡೆ ಹಳ್ಳಿ. ಈಜು ಕಲಿತಿದ್ದು ಹೊಲದ ಬಾವಿಯಲ್ಲಿ. ಅಪ್ಪನ ಕಾಲದಲ್ಲಿ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರಂತೆ, ನಮ್ಮ ಕಾಲಕ್ಕೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ ಬಂದಿತ್ತು. ಬೆನ್ನಿಗೆ ಡಬ್ಬಿ ಕಟ್ಟಿ, ಮೇಲಿಂದ ಕಾಕಾ ಕೂಗೋರು: "ಲೇ ತಮ್ಮಾ, ಅಂಜಬ್ಯಾಡ, ಕೈಕಾಲು ಬಡಿ, ದಂಡಿ ತಾನ ಬರ್ತದ." ಬಂತು ಕೂಡ. ಒಂದು ಬೇಸಿಗೆಯಲ್ಲಿ ಕಲಿತೆ. ಅಲ್ಲಿಂದ ಇಪ್ಪತ್ತು ವರ್ಷ ಯಾರು ಕೇಳಿದ್ರೂ "ನನಗೆ ಈಜು ಬರುತ್ತೆ" ಅಂತ ಹೇಳ್ಕೊಂಡು ತಿರುಗಿದೆ.

ಆ ಮಾತಿಗೆ ಪೆಟ್ಟು ಬಿದ್ದಿದ್ದು ಪವನಾ ಹಿನ್ನೀರಿನ ಹತ್ತಿರ, ಟೀಮ್ ಔಟಿಂಗಲ್ಲಿ. ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದ ಸಹೋದ್ಯೋಗಿ ಒಂದು ಹೆಜ್ಜೆ ಹಿಂದೆ ಇಟ್ಟ, ಅಲ್ಲಿ ನೆಲ ಇರಲಿಲ್ಲ. ಈಜು ಬರೋದು ನನಗೊಬ್ಬನಿಗೇ ಅಂತ ನಾನು ಹಾರಿದೆ. ಹತ್ತಿರ ಹೋದ ಕೂಡಲೇ ಅವನು ನನ್ನ ಕುತ್ತಿಗೆಗೆ ಜೋತುಬಿದ್ದ. ಇಬ್ಬರೂ ಮುಳುಗಿದೆವು. ದಡದಲ್ಲಿ ಚಹಾ ಮಾರುತ್ತಿದ್ದ ಊರಿನವರೊಬ್ಬರು ಗಾಳಿ ತುಂಬಿದ ಟ್ಯೂಬಿಗೆ ಹಗ್ಗ ಕಟ್ಟಿ ಎಸೆದರು. ಅವರು ನೀರಿಗೆ ಕಾಲೂ ಇಡಲಿಲ್ಲ. ಇಬ್ಬರ ಜೀವ ಉಳಿಸಿದ್ದು ಅವರು, ಈಜು ಬರುವ ನಾನಲ್ಲ.

ಅದಾದ ಮೇಲೆ ಕೋರ್ಸಿಗೆ ಸೇರಿದೆ. ಮೊದಲ ದಿನವೇ ಟೆಸ್ಟ್. ಅಡ್ಡ ಈಜಿದೆ, ಪಾಸು. "ಈಗ ಆಳದಲ್ಲಿ ಒಂದು ನಿಮಿಷ ನಿಂತಲ್ಲೇ ತೇಲಿ" ಅಂದರು. 25 ಸೆಕೆಂಡಿಗೆ ಗೋಡೆ ಹಿಡಿದೆ.

ಯಾಕೆ ಹೀಗಾಯ್ತು?

ಬಾವಿಯಲ್ಲಿ ಈಜು ಅಂದ್ರೆ ಹಾರೋದು, ಎಂಟು-ಹತ್ತು ಸಲ ಕೈ ಬೀಸೋದು, ಪಾವಟಿಗೆ ಹಿಡಿಯೋದು. ನಿಲ್ಲೋ ಪ್ರಸಂಗವೇ ಬರಲ್ಲ. ಇನ್ನು ವಾಕಡ್, ಬಾಣೇರ್, ಖರಾಡಿ ಕಡೆ ನಮ್ಮ ಸೊಸೈಟಿಗಳ ಪೂಲ್ ಸಾಮಾನ್ಯವಾಗಿ ನಾಲ್ಕು ಅಡಿ ಆಸುಪಾಸು. ದಣಿದರೆ ಕಾಲು ಊರಿ ನಿಂತರಾಯ್ತು. ಒಟ್ಟಿನಲ್ಲಿ ದಣಿದಾಗ ಆಳದ ನೀರಲ್ಲೇ ಸುಧಾರಿಸಿಕೊಳ್ಳೋದನ್ನ ಎರಡೂ ಕಡೆ ಕಲಿಯೋದಿಲ್ಲ. ಟೆಸ್ಟ್ ಕೇಳೋದು ಅದನ್ನೇ. ವೇಗ ನೋಡಲ್ಲ, ಸ್ಟೈಲ್ ನೋಡಲ್ಲ. ನೀರು ನಿಮ್ಮನ್ನ ಹಿಡಿದುಕೊಂಡಾಗ ನಿಮ್ಮ ಉಸಿರು ನಿಮ್ಮ ಕೈಲಿದೆಯಾ ಅಂತ ನೋಡ್ತಾರೆ.

ಟೆಸ್ಟಲ್ಲಿ ಏನೇನಿರುತ್ತೆ?

ಕೋರ್ಸಿನಿಂದ ಕೋರ್ಸಿಗೆ ಬೇರೆ. ಸೇರೋ ಮುಂಚೆ ಮೇಲ್ ಮಾಡಿ ಕೇಳಿ. ಅಂದಾಜಿಗೆ ಮೂರು ಮಾದರಿ ಹೇಳ್ತೀನಿ.

ಮೊದಲನೆಯದು, ಅಮೆರಿಕನ್ ರೆಡ್ ಕ್ರಾಸ್ ಹೇಳುವ ಮೂಲ ಸಾಮರ್ಥ್ಯ. ಐದು ಕೆಲಸ, ಒಂದರ ಹಿಂದೆ ಒಂದು: ತಲೆ ಮುಳುಗುವಷ್ಟು ಆಳದ ನೀರಿಗೆ ಇಳಿದು ಮೇಲೆ ಬರೋದು, ಒಂದು ನಿಮಿಷ ತೇಲೋದು, ಸುತ್ತ ತಿರುಗಿ ಹೊರಬರುವ ಜಾಗ ಗುರುತಿಸೋದು, 25 ಗಜ ಅಂದ್ರೆ ಸುಮಾರು 23 ಮೀಟರ್ ಈಜಿ ಅಲ್ಲಿಗೆ ಸೇರೋದು, ಏಣಿ ಇಲ್ಲದೆ ನೀರಿಂದ ಮೇಲೇಳೋದು.

ಎರಡನೆಯದು ಸ್ಕೂಬಾ. ತಾರ್ಕರ್ಲಿಗೋ ಮುರುಡೇಶ್ವರದ ನೇತ್ರಾಣಿಗೋ ಹೋಗಿ ಬಂದವರು ಆಮೇಲೆ ಪೂರ್ತಿ ಸರ್ಟಿಫಿಕೇಟ್ ಮಾಡೋಣ ಅಂತ ಹೊರಡ್ತೀರಿ. ಪ್ಯಾಡಿ ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ನಿಲ್ಲಿಸದೆ ಈಜಬೇಕು, ಅಥವಾ ಮಾಸ್ಕ್, ಫಿನ್, ಸ್ನಾರ್ಕೆಲ್ ಹಾಕಿ 300 ಮೀಟರ್. ಸಮಯದ ಮಿತಿ ಇಲ್ಲ. ಜೊತೆಗೆ 10 ನಿಮಿಷ ತೇಲಬೇಕು.

ಮೂರನೆಯದು ಲೈಫ್‌ಗಾರ್ಡ್ ಮಟ್ಟ. ರೆಡ್ ಕ್ರಾಸ್ ಕೋರ್ಸಿನಲ್ಲಿ ಕೈ ಬಳಸದೆ, ಬರೀ ಕಾಲಿಂದ 2 ನಿಮಿಷ ನಿಲ್ಲಬೇಕು. ತಳಕ್ಕೆ ಹೋಗಿ ನಾಲ್ಕೂವರೆ ಕಿಲೋ ತೂಕದ ಇಟ್ಟಿಗೆ ತರೋದೂ ಇದೆ. ಅದು ನಮ್ಮಂಥ ಶನಿವಾರದ ಈಜುಗಾರರಿಗಲ್ಲ. ಮೊದಲ ಮಾದರಿ ಮಾತ್ರ ಪ್ರತಿಯೊಬ್ಬರಿಗೂ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಎಲ್ಲಿ ಅಭ್ಯಾಸ ಮಾಡೋದು?

ನಾಲ್ಕು ಅಡಿ ಪೂಲಲ್ಲಿ ಉಸಿರು ಮತ್ತು ತೇಲೋದು ಕಲಿಯಬಹುದು. ಮುಂದಿನದಕ್ಕೆ ಆಳ ಬೇಕೇ ಬೇಕು. ಪುಣೆಯಲ್ಲಿ ಬೋರ್ಡ್ ಮೇಲೆ "ಜಲತರಣ ತಲಾವ್" ಅಂತ ಇರುತ್ತೆ, ಜನ ಬಾಯಲ್ಲಿ "ಟ್ಯಾಂಕ್" ಅಂತಾರೆ. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಿ ಒಲಿಂಪಿಕ್ ಅಳತೆಯ ಪೂಲ್ ಇದೆ, 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ನಡೆದದ್ದು ಅಲ್ಲೇ. ಫರ್ಗ್ಯುಸನ್ ಕಾಲೇಜ್ ಕಡೆ ಇರೋರಿಗೆ ಟಿಳಕ್ ಟ್ಯಾಂಕ್ ಗೊತ್ತೇ ಇರುತ್ತೆ. ಎಲ್ಲಿಗೇ ಹೋಗಿ, "ಆಳದ ಕಡೆ ಅಭ್ಯಾಸಕ್ಕೆ ಬಿಡ್ತೀರಾ, ಆ ಹೊತ್ತಿಗೆ ಲೈಫ್‌ಗಾರ್ಡ್ ಇರ್ತಾರಾ" ಅಂತ ಕೇಳಿ. ಹೃದಯದ ತೊಂದರೆ, ಅಸ್ತಮಾ, ಮೂರ್ಛೆ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಆಮೇಲೆ ಟ್ಯಾಂಕ್.

ಅಭ್ಯಾಸ 1: ಉಸಿರು

200 ಮೀಟರಲ್ಲಿ ಬಹಳ ಜನ ಸೋಲೋದು ಕೈಕಾಲಿನಿಂದಲ್ಲ, ಉಸಿರಿನಿಂದ. ಮುಖ ನೀರಲ್ಲಿದ್ದಾಗ ಉಸಿರು ಬಿಗಿ ಹಿಡಿದಿರ್ತೀವಿ. ತಲೆ ಎತ್ತಿದ ಅರೆಕ್ಷಣದಲ್ಲಿ ಬಿಡೋದು, ಎಳೆಯೋದು ಎರಡೂ ಆಗಬೇಕು. ಆಗಲ್ಲ. ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರ್ತಾ ಹೋಗುತ್ತೆ, ಉಸಿರು ಕಟ್ಟಿದ ಹಾಗೆ ಅನ್ಸೋದು ಅದರಿಂದಲೇ. ಹಾಗಾಗಿ ನೀರೊಳಗೇ ಮೂಗು-ಬಾಯಿಂದ ಗುಳ್ಳೆ ಬಿಡ್ತಾ ಇರಿ, ಮೇಲೆ ಬಂದಾಗ ಬರೀ ಎಳೆದುಕೊಳ್ಳಿ. ಮೊದಲ ವಾರ ಗೋಡೆ ಹಿಡಿದು ಇದೊಂದನ್ನೇ ದಿನಕ್ಕೆ 50 ಸಲ ಮಾಡಿ. 25 ಮೀಟರ್ ಪೂಲಲ್ಲಿ 200 ಮೀಟರ್ ಅಂದ್ರೆ 8 ಉದ್ದ. ಮೊದಲ ಉದ್ದವನ್ನ ನಾಚಿಕೆ ಆಗುವಷ್ಟು ನಿಧಾನ ಈಜಿ. ನಮ್ಮ ಕೋಚ್ ಮರಾಠಿಯಲ್ಲಿ ಕೂಗ್ತಾನೇ ಇದ್ದರು: "ಹಳೂ, ಹಳೂ! ಪಾಣಿ ಕುಠೇ ಜಾತ್ ನಾಹೀ." ನಿಧಾನ, ನೀರು ಎಲ್ಲಿಗೂ ಓಡಿಹೋಗಲ್ಲ ಅಂತ.

ಒಂದು ಎಚ್ಚರಿಕೆ. ಜೋರಾಗಿ ಹತ್ತಾರು ಸಲ ಉಸಿರಾಡಿ, ಆಮೇಲೆ ಉಸಿರು ಹಿಡಿದು ನೀರೊಳಗೆ ಎಷ್ಟು ದೂರ ಹೋಗ್ತೀನಿ ನೋಡೋಣ ಅನ್ನೋ ಪಂದ್ಯ ಯಾವತ್ತೂ ಬೇಡ. ಹಾಗೆ ಮಾಡಿದಾಗ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ, "ಉಸಿರು ಬೇಕು" ಅನ್ನೋ ಸೂಚನೆ ತಡವಾಗುತ್ತೆ. ಅಷ್ಟರಲ್ಲಿ ಆಕ್ಸಿಜನ್ ಮುಗಿದು ನೀರೊಳಗೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೇ ಇದಕ್ಕೆ ಬಲಿಯಾಗಿದ್ದಾರೆ.

ಅಭ್ಯಾಸ 2: ಅಂಗಾತ ತೇಲೋದು

ನಮ್ಮ ದೇಹದ ಸಾಂದ್ರತೆ ನೀರಿಗೆ ಬಹಳ ಹತ್ತಿರ. ಶ್ವಾಸಕೋಶ ತುಂಬಿದ್ದರೆ ಎದೆ ತೇಲುತ್ತೆ, ಕಾಲು ಇಳಿಯುತ್ತೆ. ಹೆದರಿ ತಲೆ ಎತ್ತಿದಿರೋ, ಕಾಲು ಇನ್ನೂ ಬೇಗ ಇಳಿಯುತ್ತೆ. ಕಿವಿ ನೀರಲ್ಲಿ ಮುಳುಗಲಿ, ಗದ್ದ ಆಕಾಶಕ್ಕಿರಲಿ, ಕೈಗಳನ್ನ ತಲೆಯ ಹಿಂದಕ್ಕೆ ಚಾಚಿ. ಉಸಿರು ತುಂಬಿ ಇಟ್ಟುಕೊಳ್ಳಿ, ಬೇಗ ಬಿಟ್ಟು ಮತ್ತೆ ತುಂಬಿ. ಕಾಲು ಸ್ವಲ್ಪ ಇಳಿದರೆ ಇಳಿಯಲಿ, ಮುಖ ಮೇಲಿದ್ದರೆ ಸಾಕು.

ಅಭ್ಯಾಸ 3: ನಿಂತಲ್ಲೇ ತೇಲೋದು

ನಾನು ಫೇಲಾಗಿದ್ದು ಇಲ್ಲೇ. ಭುಜದವರೆಗೆ ಮೇಲೆ ಬರೋಕೆ ಒದ್ದಾಡ್ತಿದ್ದೆ. ನೀರಿನ ಮೇಲೆ ಎತ್ತಿದ ಪ್ರತಿ ಅಂಗದ ಭಾರವನ್ನೂ ಕಾಲೇ ಹೊರಬೇಕು. ಬಾಯಿ-ಮೂಗು ಹೊರಗಿದ್ದರೆ ಸಾಕು, ಕೈ ಒಳಗೇ ಇರಲಿ.

ಇನ್ನೊಂದು ತಪ್ಪು, ನೀರನ್ನ ರೊಟ್ಟಿ ಬಡಿದ ಹಾಗೆ ಮೇಲಿಂದ ಕೆಳಗೆ ಬಡಿಯೋದು. ಬಡಿದಾಗ ಏಳ್ತೀರಿ, ಕೈ ಎತ್ತಿದಾಗ ಇಳೀತೀರಿ. ಅದರ ಬದಲು ಪರಾತದಲ್ಲಿ ಹಿಟ್ಟು ಸವರುವ ಹಾಗೆ ಎರಡೂ ಅಂಗೈಗಳನ್ನ ಎದೆ ಮಟ್ಟದಲ್ಲಿ ಹೊರಗೆ-ಒಳಗೆ ಸವರಿ, ಸಾಗುವ ದಿಕ್ಕಿನ ಅಂಚು ತುಸು ಮೇಲಿರಲಿ. ಕಾಲಿಗೆ, ಕುರ್ಚಿ ಮೇಲೆ ಕೂತಂತೆ ಮಂಡಿ ಅಗಲಿಸಿ, ಕಪ್ಪೆ ಈಜಿನ ಒದೆತವನ್ನೇ ಒಂದೊಂದು ಕಾಲಿಂದ ಸರದಿಯಲ್ಲಿ ಹಾಕಿ. ಗೋಡೆಯಿಂದ ಒಂದು ಕೈ ದೂರದಲ್ಲಿ, ಕೋಚ್ ನೋಡ್ತಿರುವಾಗ, 15 ಸೆಕೆಂಡಿಂದ ಶುರು ಮಾಡಿ. ನನಗೆ ಒಂದು ನಿಮಿಷ ಮುಟ್ಟೋಕೆ ಮೂರು ವಾರ ಹಿಡೀತು.

ಅಭ್ಯಾಸ 4: ಏಣಿ ಇಲ್ಲದೆ ಹೊರಗೆ

ಕೊನೆಯದು ಅಂತ ಎಲ್ಲರೂ ಮರೀತಾರೆ. ಎರಡೂ ಅಂಗೈ ದಂಡೆ ಮೇಲೆ ಊರಿ, ಜೋರಾಗಿ ಒದ್ದು, ಎದೆ ಮೇಲೆ ಹಾಕಿ, ಆಮೇಲೆ ಹೊಟ್ಟೆ, ಆಮೇಲೆ ಹೊರಳಿ. ಅಂದವಾಗಿ ಕಾಣಲ್ಲ, ಕಾಣಬೇಕಾಗೂ ಇಲ್ಲ. ಇದನ್ನ ದಣಿದ ಮೇಲೆಯೇ ಅಭ್ಯಾಸ ಮಾಡಿ. ಹೊರಗೆ ಬಟ್ಟೆ ಹಾಕಿಕೊಂಡೇ ಬೀಳ್ತೀವಿ ಅನ್ನೋದೂ ನೆನಪಿರಲಿ. ಒದ್ದೆ ಜೀನ್ಸ್ ನೀರೊಳಗೆ ಚಲನೆಯನ್ನ ತಡೆಯುತ್ತೆ, ಅದರ ನಿಜವಾದ ಭಾರ ಗೊತ್ತಾಗೋದು ಮೇಲೇಳುವಾಗ.

ವಾರಕ್ಕೆ ಮೂರು ದಿನ, ಆಫೀಸಿಗೆ ಮುಂಚಿನ ಬ್ಯಾಚು, ಆರು ವಾರ ಇಟ್ಟುಕೊಳ್ಳಿ. ಎರಡು ವಾರ ಉಸಿರು ಮತ್ತು ಅಂಗಾತ, ಎರಡು ವಾರ ಆಳದಲ್ಲಿ ನಿಲ್ಲೋದು, ಐದನೇ ವಾರ ದೂರ. ಆರನೇ ವಾರ ಐದೂ ಕೆಲಸ ನಿಲ್ಲಿಸದೆ ಒಂದೇ ಸಲ. ಬೇರೆ ಬೇರೆಯಾಗಿ ಬರೋದು ಒಟ್ಟಿಗೆ ಮಾಡುವಾಗ ಬರಲ್ಲ, ನೋಡ್ತೀರಿ. ಒಬ್ಬರೇ ಮಾತ್ರ ಹೋಗಬೇಡಿ.

ಟೆಸ್ಟ್ ಪಾಸಾದರೂ ಬರದೇ ಇರೋದು

ಎರಡನೇ ಸಲ ನಾನು ಪಾಸಾದೆ. ಅವತ್ತೇ ಕೋಚ್ ಹೇಳಿದ್ದು, ಇದು ನಿಂತ ನೀರಿನ ಸರ್ಟಿಫಿಕೇಟ್, ಹರಿಯೋ ನೀರಿನದ್ದಲ್ಲ. 2024ರ ಜೂನ್ 30ರಂದು ಲೋನಾವಳಾದ ಭೂಷಿ ಡ್ಯಾಮ್ ಹತ್ತಿರದ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ಆ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂದಿತ್ತು. ಅಂಥ ಪ್ರವಾಹದಲ್ಲಿ ಯಾವ ಟ್ರೆಡಿಂಗೂ ಕೆಲಸಕ್ಕೆ ಬರಲ್ಲ. ಮಳೆಗಾಲದಲ್ಲಿ ಇಳಿಯದೇ ಇರೋದೇ ಸೇಫ್ಟಿ.

ಇನ್ನು ಬೇರೆಯವರನ್ನ ಉಳಿಸೋ ವಿಷಯ. ಮುಳುಗುವವರು ಸಿನಿಮಾದಲ್ಲಿ ತೋರಿಸೋ ಹಾಗೆ "ಕಾಪಾಡಿ" ಅಂತ ಕೂಗಲ್ಲ. ಫ್ರಾಂಕ್ ಪಿಯಾ ಅನ್ನೋ ಅಮೆರಿಕದ ಲೈಫ್‌ಗಾರ್ಡ್ ಇದನ್ನ ಗಮನಿಸಿ ಬರೆದರು: ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳ್ತಿರುತ್ತೆ, ಕೈ ಪಕ್ಕಕ್ಕೆ ಚಾಚಿ ನೀರನ್ನ ಒತ್ತುತ್ತಿರುತ್ತೆ, ಸದ್ದೇ ಇರಲ್ಲ. ಇದು 20ರಿಂದ 60 ಸೆಕೆಂಡ್ ಅಷ್ಟೇ. ಆಗ ಕ್ರಮ ಹೀಗೆ: ಕೂಗಿ ಜನ ಸೇರಿಸಿ, ಕೋಲೋ ದುಪ್ಪಟ್ಟಾವೋ ಚಾಚಿ, ಹಗ್ಗವೋ ಟ್ಯೂಬೋ ಖಾಲಿ ಕ್ಯಾನೋ ಎಸೆಯಿರಿ, 112ಕ್ಕೆ ಫೋನ್ ಮಾಡಿ. ತರಬೇತಿ ಮತ್ತು ತೇಲುವ ಸಾಧನ ಇಲ್ಲದೆ ನೀವು ಇಳಿಯಬೇಡಿ.

ಮೇಲೆ ತಂದವರ ಹೊಟ್ಟೆ ಒತ್ತೋದು, ತಲೆ ಮೇಲೆ ಹೊತ್ತು ತಿರುಗಿಸೋದು ಬೇಡ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಾಟ್ಸಾಪ್ ಸುದ್ದಿ ನಂಬಿ, ಮುಳುಗಿ ಸತ್ತ ಬಾಲಕನನ್ನ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದಿದ್ದು ನೆನಪಿರಬಹುದು. ಆ ಅಪ್ಪ-ಅಮ್ಮನನ್ನ ನೋಡಿ ನಗೋಕೆ ನನಗೆ ಆಗಲಿಲ್ಲ, ಅವರಿಗೆ ಯಾರೂ ಬೇರೆ ಏನೂ ಕಲಿಸಿರಲಿಲ್ಲ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡೋದು, ಎದೆ ಒತ್ತೋದು, ಇವೆರಡೇ ದಾರಿ. ಕೋರ್ಸಲ್ಲಿ ಅದನ್ನ ಕೈಹಿಡಿದು ಕಲಿಸ್ತಾರೆ.

ಈಗ ನಮ್ಮ ಟೀಮ್ ಹೊರಟರೆ ಕಾರಿನ ಡಿಕ್ಕಿಯಲ್ಲಿ 15 ಮೀಟರ್ ಹಗ್ಗ, ಒಂದು ಟ್ಯೂಬು ಇರುತ್ತೆ. "ನಿನಗೆ ಈಜು ಬರುತ್ತಾ" ಅಂತ ಯಾರಾದ್ರೂ ಕೇಳಿದ್ರೆ "ಒಂದು ನಿಮಿಷ ನಿಲ್ಲೋಕೆ ಬರುತ್ತೆ" ಅಂತೀನಿ. ಊರಿಗೆ ಹೋದಾಗ ಕಾಕಾಗೂ ಹೇಳಿದೆ. ನಕ್ಕುಬಿಟ್ಟರು, ಆಮೇಲೆ ಮೊಮ್ಮಗನನ್ನ ಕರೆದು "ಇವಂಗೂ ಕಲಿಸು" ಅಂದರು.

ಮುಂದಿನ ಔಟಿಂಗ್ ಪ್ಲಾನ್ ಮಾಡ್ತಿರೋ ನಿಮ್ಮ ಗ್ರೂಪಿಗೆ ಇದನ್ನ ಕಳಿಸಿ.