ಹಳೇ ಯಲಹಂಕದ ಮಾಗಿ ಬೆಳಗು

ಮಾಗಿಯ ಚಳಿಗೆ ಊರೆಲ್ಲ ಮುಸುಕು ಹೊದ್ದು ಮಲಗಿರುವಾಗ ಹಳೇ ಯಲಹಂಕದ ಸಂತೆ ಸರ್ಕಲ್ಲಿನಲ್ಲಿ ಹೂವಿನವರು ಆಗಲೇ ಎದ್ದಿರುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಟೆಂಪೋಗಳಿಂದ ಒದ್ದೆ ಗೋಣಿಯಲ್ಲಿ ಸುತ್ತಿದ ಸೇವಂತಿಗೆ, ಕಾಕಡ, ಕನಕಾಂಬರದ ಗಂಟುಗಳು ದೊಪ್ಪನೆ ಇಳಿಯುತ್ತವೆ. ಗಂಟು ಬಿಚ್ಚಿದ ಕೂಡಲೇ ಏಳುವ ತಣ್ಣನೆಯ ಘಮ ಪಕ್ಕದ ಟೀ ಅಂಗಡಿಯ ಶುಂಠಿ ವಾಸನೆಯನ್ನೂ ಒಂದು ಗಳಿಗೆ ಮರೆಸಿಬಿಡುತ್ತದೆ. ಅದರಾಚೆ ಅವರೆಕಾಯಿಯ ರಾಶಿ. ಇಬ್ಬನಿ ಬಿದ್ದ ಸೊಗಡಿನ ಅವರೆ ಅಂದರೆ ಈ ಸೀಮೆಯವರಿಗೆ ಜೀವ. ತಲೆಗೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಒಂದು ಕಾಯಿ ಸುಲಿದು ಮೂಗಿಗೆ ಹಿಡಿದು, ಸೊಗಡು ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಚೀಲ ಬಿಚ್ಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾವ ಬೀದಿಗೆ ಹೋದರೂ ಹಿತಕಿದ ಬೇಳೆ ಸಾರಿನ ಒಗ್ಗರಣೆ ಮೂಗಿಗೆ ಬಡಿಯುತ್ತದೆ.

"ಏನಕ್ಕಾ, ಮೊಳ ಹೆಂಗೆ?"

"ನಿಮಗೆ ಹೇಳ್ಬೇಕೇನಣ್ಣ, ದಿನಾ ತಗೊಳ್ಳೋರು. ಬನ್ನಿ, ಒಂದು ಗೇಣು ಜಾಸ್ತೀನೇ ಕೊಡ್ತೀನಿ."

ಆ ಒಂದು ಗೇಣು ಹೂವಿನ ಲೆಕ್ಕ ಇಟ್ಟುಕೊಂಡೇ ಒಳಬೀದಿಗೆ ಬನ್ನಿ. ಎರಡು ಸ್ಕೂಟರ್ ಎದುರುಬದುರಾದರೆ ಒಂದು ನಿಲ್ಲಲೇಬೇಕು, ಅಷ್ಟು ಕಿರಿದು. ನಾಲ್ಕಂತಸ್ತಿನ ಬಾಡಿಗೆ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಉಳಿದಿದೆ. ಅದರ ಜಗುಲಿ ತಲೆಮಾರುಗಳು ಕೂತೆದ್ದು ನುಣುಪಾಗಿದೆ, ಮರದ ಕಂಬಕ್ಕೆ ಎಣ್ಣೆಯ ಕಪ್ಪು ಹತ್ತಿದೆ. ವೇಣುಗೋಪಾಲಸ್ವಾಮಿ ಗುಡಿಯ ಗಂಟೆ ಕೇಳಿದಾಗ ಜಗುಲಿ ಮೇಲಿನ ಅಜ್ಜಿ ಕೂತಲ್ಲಿಂದಲೇ ಕೈ ಮುಗಿಯುತ್ತಾರೆ. ಮಗ ಬೈಕು ಹೊರಡಿಸುತ್ತಾ, "ಬೆಂಗಳೂರಿಗೆ ಹೋಗಿ ಬತ್ತೀನಿ ಕಣಮ್ಮ" ಅನ್ನುತ್ತಾನೆ. 2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರಿನೊಳಗೆ ಸೇರಿಹೋಯಿತು. ಕಾಗದದ ಮೇಲೆ ಆತ ಬೆಂಗಳೂರಿನಿಂದ ಬೆಂಗಳೂರಿಗೇ ಹೊರಟಿದ್ದಾನೆ. ಆದರೆ ಅವನ ಮಾತು ಸರಿ ಎಂದೇ ನನಗನ್ನಿಸುತ್ತದೆ. ಇದು ಬಡಾವಣೆಯಲ್ಲ, ಊರು. ಅದೂ ಬೆಂಗಳೂರಿಗಿಂತ ಹಿರಿಯ ಊರು.

ಈ ಸೀಮೆಯ ಹಳಮೆ ದೊಡ್ಡದು. ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಊರಿಗಾಗಿ ಕಾದಾಡಿ ಸತ್ತವನ ಹೆಸರನ್ನು ಕನ್ನಡದಲ್ಲಿ ಕೆತ್ತಿಸುವ ಜನ ಆಗಲೇ ಇಲ್ಲಿದ್ದರು. ಚೋಳರ ಕಾಲದ ಶಾಸನಗಳಲ್ಲಿ ಯಲಹಂಕ ಒಂದು ನಾಡಿನ ಹೆಸರಾಗಿಯೇ ಕಾಣಿಸುತ್ತದೆ. ಆಮೇಲೆ ಬಂದವರು ಆವತಿ ನಾಡಪ್ರಭುಗಳ ಮನೆತನದವರು. ವಿಜಯನಗರದ ಸಾಮಂತನಾಗಿ 15ನೇ ಶತಮಾನದ ಮೊದಲ ದಶಕಗಳಲ್ಲಿ ಜಯಗೌಡ ಇಲ್ಲಿ ಆಳ್ವಿಕೆ ಊರಿದ. ಅವನ ಬಳಿಕ ಗಿಡ್ಡೇಗೌಡ, ಕೆಂಪನಂಜೇಗೌಡ, ಅವರ ಮಗ ಕೆಂಪೇಗೌಡ. ಬೇಟೆಗೆ ಹೋದಾಗ ಹೊಸ ನಗರದ ಕನಸು ಕಂಡ ಎಂದು ಐತಿಹ್ಯ ಹೇಳುವ ಆ ಕೆಂಪೇಗೌಡ ಅಚ್ಯುತರಾಯನ ಒಪ್ಪಿಗೆ ಪಡೆದು 1537ರಲ್ಲಿ ದಕ್ಷಿಣಕ್ಕೆ ಮಣ್ಣಿನ ಕೋಟೆ ಕಟ್ಟಿಸಿ, ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದ. ಆ ಕೋಟೆಯ ಬಡಗಣ ಬಾಗಿಲಿಗೆ ಯಲಹಂಕ ಬಾಗಿಲು ಎಂದೇ ಹೆಸರಾಯಿತು. ಬಾಗಿಲು ಎಂದೋ ಬಿದ್ದುಹೋಯಿತು. ಮೈಸೂರು ಬ್ಯಾಂಕ್ ಸರ್ಕಲ್ಲಿನ ಗದ್ದಲದಲ್ಲಿ ನಿಂತಿರುವ ಯಲಹಂಕ ಗೇಟ್ ಆಂಜನೇಯಸ್ವಾಮಿ ಮಾತ್ರ ಆ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ವಿಮಾನ ನಿಲ್ದಾಣದ ಬಳಿ 2022ರಲ್ಲಿ ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ ಎದ್ದಿತು. ಸಂತೋಷವೇ. ಆದರೆ ಅವರು ಹುಟ್ಟಿ ಬೆಳೆದ ನೆಲದಲ್ಲಿ ಉಳಿದಿರುವ ಈ ಜಗುಲಿ ಮನೆಗಳನ್ನು, ಗುಡಿ ಗೋಪುರಗಳನ್ನು ಅಳೆದು, ಚಿತ್ರ ತೆಗೆದು, ಒಂದೆಡೆ ದಾಖಲಿಸುವ ಕೆಲಸ ಇನ್ನು ತಡವಾಗಬಾರದು. ಪ್ರತಿ ವರ್ಷವೂ ಒಂದೊಂದು ಹೆಂಚಿನ ಮಾಡು ಕೆಳಗಿಳಿಯುತ್ತಿದೆ.

ರೈಲು ಹಳಿಯತ್ತ ನಡೆದರೆ ಊರಿನ ಸದ್ದೇ ಬದಲಾಗುತ್ತದೆ. ಯಶವಂತಪುರದಿಂದ ಹೊರಟು ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಹಾಯ್ದು ಬಂಗಾರಪೇಟೆಗೆ ಹೋಗುತ್ತಿದ್ದ ಎರಡೂವರೆ ಅಡಿ ಅಗಲದ ಸಣ್ಣ ಹಳಿಯ ರೈಲನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಈಗ ಇಲ್ಲಿ ದೊಡ್ಡ ಜಂಕ್ಷನ್. ಹಳಿಯ ಮಗ್ಗುಲಲ್ಲೇ 1984ರಲ್ಲಿ ಶುರುವಾದ ರೈಲ್ವೆ ಗಾಲಿ ಕಾರ್ಖಾನೆ. ಸವೆದು ಮೂಲೆ ಸೇರಿದ ಗಾಲಿ, ಅಚ್ಚು, ಹಳಿ ತುಂಡುಗಳೇ ಇದರ ಕಚ್ಚಾ ಸಾಮಾನು. ವಿದ್ಯುತ್ ಕುಲುಮೆಯಲ್ಲಿ 1,500 ಡಿಗ್ರಿ ಮೀರಿದ ಶಾಖಕ್ಕೆ ಅವು ಕರಗಿ ಕಿತ್ತಳೆ ಬಣ್ಣದ ನೀರಾಗಿ, ಗ್ರಾಫೈಟ್ ಅಚ್ಚಿನೊಳಗೆ ಏರಿ, ಹೊಸ ಗಾಲಿಯಾಗಿ ಹೊರಬರುತ್ತವೆ. ವರ್ಷಕ್ಕೆ ಲಕ್ಷಕ್ಕೂ ಹೆಚ್ಚು. ಕಾಶ್ಮೀರದಲ್ಲೋ ಕನ್ಯಾಕುಮಾರಿಯಲ್ಲೋ ನೀವು ಹತ್ತಿದ ಬೋಗಿಯ ಕೆಳಗೆ ಯಲಹಂಕದ ಗಾಲಿ ಇದ್ದೀತು. ಪಾಳಿ ಮುಗಿಸಿ ಹೊರಬರುವವರು ಟಿಫನ್ ಕ್ಯಾರಿಯರ್ ಸೈಡಿಗಿಟ್ಟು, ಸಬ್ಬಸಿಗೆ ಸೊಪ್ಪಿನ ಕಟ್ಟು ಆರಿಸುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ತಲೆಯ ಮೇಲೆ ವಾಯುಪಡೆಯ ವಿಮಾನ ಗುಡುಗುತ್ತಾ ಹಾದುಹೋಗುತ್ತದೆ. ಸೊಪ್ಪಿನವಳು ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾಳೆ. 1996ರಿಂದ ನಡೆಯುತ್ತಿರುವ ಏರೋ ಇಂಡಿಯಾದ ದಿನಗಳಲ್ಲಿ ಮಾಳಿಗೆಗಳ ತುಂಬಾ ಜನ. ಹದ್ದುಗಳು ಹಾರಿಬಂದು ವಿಮಾನಕ್ಕೆ ಅಡ್ಡವಾದಾವೆಂದು ಸುತ್ತಲಿನ ಮಾಂಸದಂಗಡಿಗಳು ಆಗ ಬಾಗಿಲು ಹಾಕುತ್ತವೆ.

ಹಕ್ಕಿಗಳಿಗೆ ಇಲ್ಲಿ ಬೇರೆಯೇ ನೆಲೆಯಿದೆ. ದೊಡ್ಡಬಳ್ಳಾಪುರ ರಸ್ತೆಯ ಬದಿಯ ಪುಟ್ಟೇನಹಳ್ಳಿ ಕೆರೆಯಲ್ಲಿ ಹಾವಕ್ಕಿ ಕತ್ತು ಚಾಚಿ ರೆಕ್ಕೆ ಒಣಗಿಸುತ್ತಿರುತ್ತದೆ, ಬಣ್ಣದ ಕೊಕ್ಕರೆಗಳು ಕೆಸರಲ್ಲಿ ಹೆಜ್ಜೆ ಎಣಿಸುತ್ತವೆ. ಅದರಾಚೆ ಸುಮಾರು 300 ಎಕರೆಯ ಯಲಹಂಕ ಕೆರೆ. ಊರು ಕೂತಿರುವ ಜಾಗವೇ ವಿಶೇಷ: ಪಶ್ಚಿಮದ ಹೆಸರಘಟ್ಟದ ಕಡೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ ಹೋದರೆ, ಯಲಹಂಕ ಕೆರೆಯ ಕೋಡಿ ನೀರು ಜಕ್ಕೂರು, ರಾಚೇನಹಳ್ಳಿ ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಸಾಲುಗೆರೆ ಕಟ್ಟಿದವರು ನೀರಿನ ದಾರಿ ಬಲ್ಲವರಾಗಿದ್ದರು. ಆ ದಾರಿಯನ್ನು ನಾವು ಇಕ್ಕಟ್ಟು ಮಾಡಿದೆವು. 2021ರ ನವೆಂಬರಿನಲ್ಲಿ ಕೆರೆ ಉಕ್ಕಿದಾಗ ಕೆಳಗಿನ ವಸತಿ ಸಮುಚ್ಚಯದ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ರಾಜಕಾಲುವೆಗಳಿಗೆ ಅವುಗಳ ಅಗಲವನ್ನು ಮರಳಿ ಕೊಡದೆ ಬೇರೆ ಉಪಾಯವಿಲ್ಲ.

ಊರು ಊರಾಗಿಯೇ ಕಾಣಬೇಕೆಂದರೆ ಹಬ್ಬಕ್ಕೆ ಬರಬೇಕು. ಸೇವಂತಿಗೆ, ಗುಲಾಬಿ ತುಂಬಿದ ಪಲ್ಲಕ್ಕಿಗಳು ಟ್ರ್ಯಾಕ್ಟರ್ ಏರಿ ಬರುತ್ತವೆ. ತಂಬಿಟ್ಟಿನ ಆರತಿ ಹೊತ್ತ ಹೆಣ್ಣುಮಕ್ಕಳು, ಮುಂದೆ ತಮಟೆ, ಹಿಂದೆ ಜನರೇಟರ್. ಗೃಹಮಂಡಳಿ ಕಟ್ಟಿದ ಉಪನಗರದವರೂ ಅಪಾರ್ಟ್‌ಮೆಂಟಿನವರೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದಾರೆ. ಕವಲುಗೋಲಿನಿಂದ ಕೇಬಲ್ ತಂತಿ ಎತ್ತಿ ಹಿಡಿದ ಹುಡುಗ ಕೂಗುತ್ತಾನೆ, "ನಿಧಾನ ಕಣ್ರಣ್ಣೋ, ಕಳಶ ತಾಗ್ತದೆ!" ತಮಟೆಯವನು ಅದಕ್ಕೆ ಕಿವಿಗೊಡದೆ ಇನ್ನೂ ಜೋರಾಗಿ ಬಡಿಯುತ್ತಾನೆ.