ಪಡಂಗಿಲೆಯಿಂದ ಹಡಗಲಿಗೆ: ಐದು ತಾಲ್ಲೂಕುಗಳ ಊರ ಹೆಸರುಗಳ ನಿಷ್ಪತ್ತಿ

ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿರುವ ಲಾಗವೂಲಿನ್ ಎಂಬ ವಿಸ್ಕಿ ಭಟ್ಟಿಯ ಹೆಸರಿಗೆ ಗೇಲಿಕ್ ಭಾಷೆಯಲ್ಲಿ ‘ಗಿರಣಿಯ ತಗ್ಗು’ ಎಂದರ್ಥ. ಆ ಭಾಷೆಯಲ್ಲಿ ಗಿರಣಿಯನ್ನು ಹೇಳುವ ಶಬ್ದ ಆರಂಭವಾಗುವುದು ಮಕಾರದಿಂದ. ಷಷ್ಠಿಯಲ್ಲಿ, ಅದರ ಹಿಂದೆ ನಿರ್ದೇಶಕ ಪದ ಬಂದಾಗ, ಮಕಾರವು ವಕಾರವಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದವರು ಕಿವಿಗೆ ಬಿದ್ದುದನ್ನೇ ದಾಖಲಿಸಿದುದರಿಂದ ಹೆಸರು ಉಳಿಯಿತು, ಗಿರಣಿ ಮರೆಯಾಯಿತು. ಕನ್ನಡ ವ್ಯಾಕರಣ ಬಲ್ಲವರಿಗೆ ಈ ಮಾರ್ಪಾಟು ಅಪರಿಚಿತವಲ್ಲ. ಮೆಲ್ ಮತ್ತು ಮಾತು ಸೇರಿ ‘ಮೆಲ್ವಾತು’ ಆಗುತ್ತದೆ. ಎಳ ಮತ್ತು ಪೆರೆ ಸೇರಿ ‘ಎಳವೆರೆ’ ಆಗುತ್ತದೆ. ಎರಡು ಭಾಷೆಗಳಲ್ಲಿ ಕಾರಣ ಬೇರೆ, ಫಲ ಒಂದೇ ಬಗೆಯದು: ಸಮಾಸದ ಒಳಗೆ ಉತ್ತರಪದ ತನ್ನ ಗುರುತನ್ನು ಮರೆಸಿಕೊಳ್ಳುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸ್ಥಳನಾಮಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇವುಗಳಲ್ಲಿ ಹೆಚ್ಚು ಫಲ ನೀಡುವ ಹೆಸರು ಹಡಗಲಿಯದು. ಶಾಸನಗಳಲ್ಲಿ ಈ ಊರು ‘ಪೂವಿನ ಪಡಂಗಿಲೆ’ ಎಂದೂ ‘ಪೂವಿನ ಪೊಸವಡಂಗಿಲೆ’ ಎಂದೂ ಕಾಣಿಸಿಕೊಳ್ಳುತ್ತದೆ. ಎರಡನೆಯ ರೂಪದಲ್ಲಿ ಪಡಂಗಿಲೆಯ ಪಕಾರ ವಕಾರವಾಗಿರುವುದು ಎಳವೆರೆಯ ನಿಯಮದಂತೆಯೇ. ಬಿಡಿಯಾಗಿ ನಿಂತ ಪದದ ಆದಿಯಲ್ಲಾದರೋ ಪಕಾರವು ಮುಂದೆ ಹಕಾರವಾಯಿತು: ಪೂ ಹೂವಾದಂತೆ, ಪಳ್ಳಿ ಹಳ್ಳಿಯಾದಂತೆ, ಪಡಂಗಿಲೆ ಹಡಗಲಿಯಾಯಿತು. ನಡುವಿನ ಅನುನಾಸಿಕ ಲೋಪವಾಯಿತು, ಕೊನೆಯ ಎಕಾರ ಇಕಾರಕ್ಕೆ ತಿರುಗಿತು. ಮನೆಯನ್ನು ‘ಮನಿ’, ಕೆರೆಯನ್ನು ‘ಕೆರಿ’ ಎನ್ನುವ ಸೀಮೆಯಲ್ಲಿ ಈ ಕೊನೆಯ ಬದಲಾವಣೆ ಅನಿರೀಕ್ಷಿತವಲ್ಲ. ‘ಪೊಸ’ ಎಂಬ ವಿಶೇಷಣ ಇನ್ನೊಂದು ಸಂಗತಿಯನ್ನೂ ಸೂಚಿಸುತ್ತದೆ. ಹೊಸದೆಂದು ಕರೆಯಬೇಕಾದರೆ ಅದಕ್ಕೂ ಹಿಂದಿನದೊಂದು ಇರಬೇಕು. ಅದೇ ತಾಲ್ಲೂಕಿನ ಹಿರೇಹಡಗಲಿಯೇ ಆ ಹಿಂದಿನದು ಎಂದು ಊಹಿಸಲು ಅಡ್ಡಿಯಿಲ್ಲ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳಿಗೆ ಹೆಸರು ಕೊಟ್ಟ ಊರು ಅದು. ಕಾಲಾಂತರದಲ್ಲಿ ‘ಪೊಸ’ ಬಿದ್ದುಹೋಗಿ ‘ಪೂವಿನ’ ಮಾತ್ರ ಉಳಿಯಿತು.

ಹಂಪಿಯ ಅರಸರಿಗೆ ಹಡಗಿನಲ್ಲಿ ಹೂ ಸಾಗಿಸುತ್ತಿದ್ದುದರಿಂದ ಈ ಹೆಸರು ಬಂತೆಂಬ ಕಥೆ ಜನಪ್ರಿಯವಾಗಿದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಮೇಲಂತೂ ಕಥೆಗೆ ಮತ್ತಷ್ಟು ಕಾಂತಿ ಬಂದಿದೆ. ಆದರೆ ‘ಪೂವಿನ’ ಎಂಬ ವಿಶೇಷಣ ಕಲ್ಯಾಣ ಚಾಲುಕ್ಯರ ಕಾಲಕ್ಕಾಗಲೇ ಇತ್ತು. ವಿಜಯನಗರದ ಸ್ಥಾಪನೆಯಾದುದು 1336ರಲ್ಲಿ. ಹಂಪಿಯ ವಿರೂಪಾಕ್ಷನ ಸನ್ನಿಧಿ ಸಾಮ್ರಾಜ್ಯಕ್ಕಿಂತ ಹಳೆಯದಾದುದರಿಂದ ಹೂವು ದೇವರಿಗೆ ಹೋಗುತ್ತಿತ್ತು ಎನ್ನಬಹುದು, ಅರಸರಿಗೆ ಎನ್ನಲಾಗದು. ಹಡಗಿನ ಹಳೆಯ ರೂಪವೂ ಪಕಾರಾದಿಯೇ ಆದುದರಿಂದ ಪೂರ್ವಾರ್ಧಕ್ಕೆ ಆ ವ್ಯಾಖ್ಯಾನ ಧ್ವನಿನಿಯಮದ ಮಟ್ಟಿಗೆ ಹೊಂದುತ್ತದೆ. ಆದರೆ ‘ಇಲೆ’ ಎಂಬ ಉತ್ತರಾರ್ಧವನ್ನು ಅದು ಮುಟ್ಟುವುದೇ ಇಲ್ಲ. ಅರ್ಧ ಹೆಸರನ್ನು ಮಾತ್ರ ವಿವರಿಸುವ ನಿಷ್ಪತ್ತಿಯನ್ನು ಒಪ್ಪಲಾಗದು.

ಹಡಗಲಿಯ ಪಕ್ಕದಲ್ಲಿ ಬಾಗಳಿ, ಕೋಗಳಿಗಳನ್ನು ಇಟ್ಟು ನೋಡಬೇಕು. ಇಂಗ್ಲಿಷ್ ನಕಾಶೆಯಲ್ಲಿ ಮೂರಕ್ಕೂ ಒಂದೇ ಅಂತ್ಯ. ‘ಗಲಿ’ ಎಂಬ ಪ್ರತ್ಯಯವೊಂದಿತ್ತೆಂದು ಅದನ್ನು ನೋಡಿದವರು ಭಾವಿಸಿದರೆ ಆಶ್ಚರ್ಯವಿಲ್ಲ. ಕನ್ನಡ ಬರವಣಿಗೆ ಈ ಭ್ರಮೆಗೆ ಅವಕಾಶ ಕೊಡುವುದಿಲ್ಲ. ಹಡಗಲಿಯಲ್ಲಿರುವುದು ಲಕಾರ, ಉಳಿದೆರಡರಲ್ಲಿ ಳಕಾರ. ಕಲ್ಲೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಶಾಸನಗಳಲ್ಲಿ ‘ಬಾಳ್ಗುಳಿ’ ಆಗಿದೆ. ಅದರ ಅಂತ್ಯವನ್ನು ತಗ್ಗು ಎಂಬರ್ಥದ ಕುಳಿ ಅಥವಾ ಗುಳಿಯೊಂದಿಗೆ ಹೊಂದಿಸಬಹುದು. ಹಾಗಾದರೆ ಅರ್ಥದಲ್ಲಿ ಅದು ಲಾಗವೂಲಿನ್‌ನ ಪೂರ್ವಪದಕ್ಕೆ ಸಮೀಪ. ನೊಳಂಬವಾಡಿ-32000ದೊಳಗಿನ ಕೋಗಳಿ-500ಕ್ಕೆ ಹೆಸರು ಕೊಟ್ಟ ಕೋಗಳಿಗೂ ಇದೇ ಅಂತ್ಯವಿದ್ದಿರಬಹುದು. ಹಡಗಲಿಯದು ಖಂಡಿತವಾಗಿ ಬೇರೆ. ಗಣಕೀಕೃತ ದಾಖಲೆಗಳು ಇಂಗ್ಲಿಷ್ ಕಾಗುಣಿತದಿಂದ ಮರಳಿ ಕನ್ನಡಕ್ಕೆ ಲಿಪ್ಯಂತರವಾಗುವಾಗ ಲಕಾರ ಳಕಾರಗಳು ಅದಲುಬದಲಾದರೆ ಈ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಹರಪನಹಳ್ಳಿ ಮತ್ತು ಬೊಮ್ಮನಹಳ್ಳಿ ವ್ಯಕ್ತಿನಾಮಕ್ಕೆ ಷಷ್ಠಿ ಹಾಗೂ ‘ಹಳ್ಳಿ’ ಸೇರಿದ ಸರಳ ರಚನೆಗಳು. ಬೊಮ್ಮ ಎಂಬುದು ಬ್ರಹ್ಮದ ತದ್ಭವ. ‘ಹರಪ’ನ ನಡುವಿನ ಪಕಾರ ಮಾತ್ರ ಗಮನಾರ್ಹ. ಅದು ಮೊದಲಿನಿಂದಲೂ ಒಂಟಿ ವ್ಯಂಜನವಾಗಿದ್ದರೆ ಸ್ವರಗಳ ನಡುವೆ ವಕಾರವಾಗಿ ಸಡಿಲಗೊಳ್ಳುವ ಸಾಧ್ಯತೆಯೇ ಹೆಚ್ಚು. ಉಳಿದಿದೆ ಎಂದ ಮೇಲೆ ಅದು ದ್ವಿತ್ವದಿಂದ ಬಂದುದು, ಹರಪ್ಪನೇ ಹರಪನಾಗಿದ್ದಾನೆ. ಬೊಮ್ಮನಹಳ್ಳಿಗಳು ನಾಡಿನಲ್ಲಿ ಹಲವಿರುವುದರಿಂದ ಹೊಳೆಯ ಹೆಸರು ಮುಂದೆ ಸೇರಿತು. ಹಗರಿಯನ್ನು ಪಾಪ ಕಳೆಯುವ ‘ಅಘಹಾರಿ’ ಎಂದು ಬಿಡಿಸುವುದು ಸುಲಭ. ಆದರೆ ಅಂಥ ಸಂಸ್ಕೃತೀಕರಣ ಯಾವ ಹೊಳೆಗೂ ಒಪ್ಪುತ್ತದೆ. ಒಪ್ಪುವುದೇ ಅದರ ದೌರ್ಬಲ್ಯ. ಈಗಂತೂ ಎಚ್.ಬಿ. ಹಳ್ಳಿ ಎಂಬ ಸಂಕ್ಷೇಪದಲ್ಲಿ ಹೊಳೆಯೂ ಇಲ್ಲ, ಬೊಮ್ಮನೂ ಇಲ್ಲ.

ಕೊಟ್ಟೂರನ್ನು ‘ಕೊಟ್ಟ ಊರು’ ಎಂದು ವಿವರಿಸುವುದುಂಟು. ಲೋಪಸಂಧಿ ಅದಕ್ಕೆ ಅಡ್ಡಬರುವುದಿಲ್ಲ. ಆದರೆ ಇದೇ ಹೆಸರು ತಮಿಳುನಾಡು, ಕೇರಳಗಳಲ್ಲೂ ಇದೆ. ಸಮುದ್ರಗುಪ್ತನ ಅಲಹಾಬಾದ್ ಪ್ರಶಸ್ತಿಯಲ್ಲಿ ಕೊಟ್ಟೂರದ ಸ್ವಾಮಿದತ್ತನ ಉಲ್ಲೇಖವಿದೆ. ಇಷ್ಟು ವ್ಯಾಪಕವಾದ ಹೆಸರು ಎಲ್ಲೆಡೆಯೂ ಒಂದೊಂದು ದಾನದಿಂದ ಹುಟ್ಟಿತೆನ್ನುವುದು ಕಷ್ಟ. ‘ಹೊಸ’ ಎಂಬರ್ಥದ ತೆಲುಗಿನ ‘ಕೊತ್ತ’ವೂ ಇಲ್ಲಿ ಸಲ್ಲದು, ಅಲ್ಲಿರುವುದು ದಂತ್ಯ, ಇಲ್ಲಿರುವುದು ಮೂರ್ಧನ್ಯ. ಕೋಟೆಗೆ ಸಂಬಂಧಿಸಿದ ದ್ರಾವಿಡ ಧಾತುವಿನ ಕಡೆಗೆ ನೋಡುವುದೇ ಹೆಚ್ಚು ಸಮಂಜಸ.

ಕೂಡ್ಲಿಗಿಯಲ್ಲಿ ನಡುವಿನ ಸ್ವರ ಲೋಪವಾಗಿ, ಕೊನೆಯ ಎಕಾರ ಇಕಾರವಾಗಿದೆ ಎಂದು ಭಾವಿಸಿದರೆ ‘ಕೂಡಲಿಗೆ’ ಎಂಬ ರೂಪ ದೊರೆಯುತ್ತದೆ. ತುಂಗಭದ್ರೆಯ ಕೂಡಲಿಯಂತೆ, ಕೃಷ್ಣಾ ಮಲಪ್ರಭೆಗಳ ಕೂಡಲಸಂಗಮದಂತೆ ಇಲ್ಲಿ ಮಹಾನದಿಗಳ ಸಂಗಮವಿಲ್ಲ. ಆದರೆ ಕೂಡುವುದು ಹಳ್ಳಗಳೂ ಆಗಬಹುದು, ದಾರಿಗಳೂ ಆಗಬಹುದು. ಕಚೇರಿಯ ಕಡತವನ್ನು ಸೇರಿದ ರೂಪ ಮಾತ್ರ ಈ ಸೀಮೆಯ ಬಾಯಿಮಾತಿನದು: ಅಧಿಕೃತ ಬರಹ ‘ಮನಿ’ಯನ್ನು ಮನೆಯೆಂದು ತಿದ್ದುತ್ತದೆ, ಕೂಡ್ಲಿಗಿಯನ್ನು ತಿದ್ದಿಲ್ಲ.